ಕಾಲಿನ ಕೂಲಿ

ವುಚ್ ನಗರದ ಹಳೆಯ ನೂಲಿನ ಗಿರಣಿ,
ಅದರ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ
ಪರರ ಕಾಲಾಗಿ ದುಡಿದೆ.
ಪರದೆಯ ಮೇಲೆ ಅವರು ನಡೆದರು,
ಸಪ್ಪಳ ನನ್ನದು.

ದಂಡನಾಯಕನಿಗೆ ಲಾಳ ಹೊಡೆದ ಬೂಟು,
ಪಾದ್ರಿಗೆ ಸವೆದ ಅಟ್ಟೆ,
ಕಳ್ಳನಿಗೆ ಬರಿಗಾಲು.
ಹಿಮ ಬೇಕೆಂದರೆ ತೊಗಲಿನ ಚೀಲದಲ್ಲಿ ಜೋಳದ ಹಿಟ್ಟು,
ಹಿಸುಕಿದರೆ ಸಾಕು, ಸೈಬೀರಿಯ.
ಮೂಳೆ ಮುರಿಯಲು ಸೆಲರಿ ದಂಟು;
ರಾತ್ರಿ ಸೂಪಿಗೂ ಅದೇ ದಂಟು,
ಕೊಲೆಯಾದರೂ ದಂಡವಾಗಬಾರದಲ್ಲ.
ಒಮ್ಮೆ ಒಬ್ಬ ಮದುವಣಗಿತ್ತಿಗೂ
ಅವಳನ್ನು ಕೊಂದವನಿಗೂ
ಒಂದೇ ಮಧ್ಯಾಹ್ನ ನಡೆದುಕೊಟ್ಟೆ.
ನಡುವೆ ಹತ್ತು ನಿಮಿಷ ಚಹಾ.

ಸಂಗೀತ ಕೂರಿಸುವ ಮುದುಕ ಝೆನೋನ್ ಬೈಯುತ್ತಿದ್ದ:
ನಿನ್ನ ಹಿಮ್ಮಡಿ ನನ್ನ ಪಿಟೀಲನ್ನು ಹಿಂದೆ ಹಾಕುತ್ತದೆ!
ಆಮೇಲೆ, ನಾನು ಹೋದೆನೆಂದುಕೊಂಡು,
ನನ್ನ ಹೆಜ್ಜೆಯ ತಾಳಕ್ಕೇ
ಸ್ವರಗಳನ್ನು ಮೆಲ್ಲಗೆ ಸರಿಸಿಡುತ್ತಿದ್ದ.
ಬಾಗಿಲ ಸಂದಿಯಿಂದ ಕೇಳಿದ್ದೇನೆ.
ಅದಕ್ಕಿಂತ ದೊಡ್ಡ ಬಹುಮಾನ ಬರಲಿಲ್ಲ.

ಈ ಫೆಬ್ರವರಿಯಲ್ಲಿ ಕ್ಸಾವೆರಿ ಎಂಬ ಹುಡುಗ ಬಂದ,
ಆರು ಮೈಕು, ಒಂದು ಗಸಗಸೆಯ ಕೇಕು.
ಕೃತಕ ಬುದ್ಧಿಗೆ ನಡೆಯಲು ಕಲಿಸಬೇಕಂತೆ.
ಮೂರು ದಿನ, ಹನ್ನೆರಡು ಸಾವಿರ ಹೆಜ್ಜೆ:
ಜಲ್ಲಿ, ಹಲಗೆ, ಒದ್ದೆ ಕಲ್ಲು, ಒಣಗಿದೆಲೆ.
ಎದುರಿಗೆ ಪರದೆಯಿಲ್ಲ, ನಾಯಕಿಯಿಲ್ಲ,
ಹೆಗಲ ಮೇಲೆ ಯಾರ ದುಃಖವೂ ಇಲ್ಲ.
ಯಾರ ಹಾಗೆ ನಡೆಯಲಿ, ಎಂದೆ.
ಯಾರ ಹಾಗೂ ಬೇಡ, ಪಾನಿ ಹಾಲ್ಷ್ಕಾ,
ಸುಮ್ಮನೆ, ನಿಮ್ಮ ಹಾಗೆ.

ಸುಮ್ಮನೆ!
ಎತ್ತಿದ ಕಾಲು ಯಾವುದೋ ಚಿತ್ರದ ನರ್ಸಿನದು,
ಊರಿದಾಗ ಸೋತು ಬಂದ ಸಿಪಾಯಿಯದು.
ಕತ್ತಲಲ್ಲಿ ಬೀಗದ ಕೈ ತಡಕುವಂತೆ
ಅರವತ್ತೆರಡನೆಯ ವಯಸ್ಸಿನಲ್ಲಿ
ಜಲ್ಲಿಯ ಮೇಲೆ ನನ್ನನ್ನೇ ತಡಕಾಡಿದೆ.
ನುಡಿದಂತೆ ನಡೆ ಎನ್ನುತ್ತಾರೆ ಬಲ್ಲವರು.
ನನಗೆ ನುಡಿಯೇ ಇರಲಿಲ್ಲ,
ನಡೆಯೂ ಬಾಡಿಗೆಗೆ ಹೋಗಿತ್ತು.

ಮೂರನೆಯ ಸಂಜೆ ಅದು ನಡೆದು ತೋರಿಸಿತು.
ಸುಳ್ಳೇಕೆ, ಚೆನ್ನಾಗಿತ್ತು.
ಕಣ್ಣು ಮುಚ್ಚಿದರೆ ಒಬ್ಬಳು ಕೋಣೆ ದಾಟಿ
ಕಿಟಕಿಯ ಬಳಿ ನಿಂತಳು,
ನಿಂತು ಏನನ್ನೋ ಮರೆತಳು.
ಒಂದೇ ಒಂದು ಕೊರೆ:
ಚಿಪ್ಪು ಕೊಯ್ಸಿಕೊಂಡ ನನ್ನ ಬಲ ಮೊಣಕಾಲು
ಕೂದಲೆಳೆ ತಡವಾಗಿ ಬರುತ್ತದಲ್ಲ,
ಮನುಷ್ಯರು ನಡೆಯುವುದೇ ಹೀಗೆಂದು
ಅದು ಕಲಿತುಬಿಟ್ಟಿತ್ತು.

ರಾಣಿ ನಡೆದರೂ ತಡ, ಮಗು ನಡೆದರೂ ತಡ,
ದೇವದೂತನಿಗೂ ಬಲಗಾಲು ತಡ.
ಕ್ಸಾವೆರಿ ಕಿವಿಯವರೆಗೆ ಕೆಂಪಾದ:
ದೋಷ, ತೊಳೆದುಬಿಡುತ್ತೇವೆ.
ತೊಳೆದರೋ ಬಿಟ್ಟರೋ, ಕೇಳಲಿಲ್ಲ.
ಕೊಟ್ಟ ಹಣದಲ್ಲಿ ಬಾಯ್ಲರ್ ರಿಪೇರಿಯಾಯಿತು.

ಒಂದು ಮಾತ್ರ ಆಗಾಗ ಕೊರೆಯುತ್ತದೆ.
ಸ್ಟೇಷನ್ನಿನಲ್ಲಿ ಯಾರನ್ನಾದರೂ ಬೀಳ್ಕೊಟ್ಟು
ಹೇಗೆ ತಿರುಗಿ ನಡೆಯಬೇಕೆಂದು
ನಾವೆಲ್ಲ ಕಲಿತದ್ದು ಸಿನಿಮಾದಲ್ಲೇ.
ಇನ್ನೂ ಹುಟ್ಟದ ಹುಡುಗಿಯೊಬ್ಬಳು
ತನ್ನ ಮೊದಲ ಅಗಲಿಕೆಯ ದಿನ
ಎಳೆಯ ಕಾಲನ್ನು ಕಾರಣವಿಲ್ಲದೆ
ಚೂರು ಎಳೆದು ನಡೆದರೆ?
ಆ ನೋವು ಯಾರದೆಂದು
ಅವಳಿಗೆ ಹೇಳುವವರು ಯಾರು?

ಕೊನೆಯ ದಿನ ಮನೆಗೆ ಬರುವಾಗ ಹನ್ನೊಂದು ದಾಟಿತ್ತು.
ಕೆಳಮನೆಯ ಲೆಯೊಕಾದ್ಯಾ,
ಹತ್ತೊಂಬತ್ತು ವರ್ಷದಿಂದ ಪೊರಕೆಯ ಹಿಡಿಯಲ್ಲಿ
ಚಾವಣಿ ಕುಟ್ಟುವವಳು.
ಅವಳಿಗೆ ಹೆದರಿ ಬೂಟು ಕಳಚಿ,
ಕಳ್ಳರಿಗೆ ನಡೆದ ಅಷ್ಟೂ ವಿದ್ಯೆ ಖರ್ಚು ಮಾಡಿ
ತುದಿಗಾಲಲ್ಲಿ ಹಾಸಿಗೆ ಸೇರಿದೆ.

ಟಕ್ ಟಕ್.
ನೀರಿನ ಪೈಪಿನೊಳಗಿಂದ ಅವಳ ದನಿ:
ಹಾಲ್ಷ್ಕಾ, ಇವತ್ತು ಬಹಳ ನಿಂತಿದ್ದೀಯ.
ಮೊಣಕಾಲಿಗೆ ಏನಾದರೂ ಹಚ್ಚಿಕೊಂಡು
ಮಲಗಬಾರದೆ?